ಗಾಲಿಮನೆಯ ಸಣ್ಣ ಕೋಣೆ

ರಾಚಯ್ಯನವರು ನಮ್ಮ ಸಂಚಾರಿ ಹೆರಿಗೆ ದವಾಖಾನೆಯ ಡ್ರೈವರ್ ಆಗಿದ್ದರು. ಗುಡೂರಿನ ಜಂಗಮರ ಮನೆತನ. ಅವರ ಅಪ್ಪ, ಅಜ್ಜ ಊರವರ ಮನೆಗೆ ಪೂಜೆಗೆ, ಮದುವೆಗೆ ಹೋಗಿ ಪಾದ ತೊಳೆಸಿಕೊಂಡು ಬಂದವರು. ಅಣ್ಣ ಅಡಿವೆಯ್ಯನವರು ಅದನ್ನೇ ಮುಂದುವರಿಸಿದ್ದರು. ತಮ್ಮನಿಗೆ ಮಾತ್ರ ಚಿಕ್ಕಂದಿನಿಂದ ಎಂಜಿನ್ನಿನ ಹುಚ್ಚು. ಇಪ್ಪತ್ತನೆಯ ವಯಸ್ಸಿಗೆ ಲಾರಿ ಹತ್ತಿ, ಬಾಗಲಕೋಟೆಯಿಂದ ಸಿಮೆಂಟು ಹೇರಿಕೊಂಡು ಸೊಲ್ಲಾಪುರ, ಹುಬ್ಬಳ್ಳಿ ಅಂತ ಹದಿನೈದು ವರ್ಷ ಓಡಾಡಿದರು. ಎಪ್ಪತ್ಮೂರರಲ್ಲಿ ಬಾಗಲಕೋಟೆಯ ಒಂದು ಸೇವಾ ಸಂಸ್ಥೆ ಹಳ್ಳಿಯ ಬಸುರಿಯರಿಗಾಗಿ ತಿರುಗುವ ದವಾಖಾನೆ ಶುರು ಮಾಡಿತು. ಅದರ ಜೀಪು ನಡೆಸಲು ಬಂದರು. ಮರುವರ್ಷ ನಾನು ನರ್ಸ್ ಆಗಿ ಸೇರಿದೆ. ನನಗಾಗ ಇಪ್ಪತ್ಮೂರು, ಅವರಿಗೆ ಮೂವತ್ತಾರು. ಕಡೆಯತನಕ ನನ್ನನ್ನು ‘ತಂಗಿ’ ಎಂದೇ ಕರೆದರು. ಪದ್ಮವ್ವ ಎಂದು ಹೆಸರು ಹಿಡಿದರೆ ಅವರಿಗೆ ಸಿಟ್ಟು ಬಂದಿದೆ ಎಂದು ಅರ್ಥ.

ದವಾಖಾನೆ ಎಂದರೆ ಜೀಪಿನ ಹಿಂದೆ ಸಿಕ್ಕಿಸಿ ಎಳೆಯುವ ಉದ್ದನೆಯ ತಗಡಿನ ಮನೆ. ಪರದೇಶದ ಯಾರೋ ದಾನ ಕೊಟ್ಟದ್ದು, ಮುಂಬಯಿ ಬಂದರಿನಲ್ಲಿ ಇಳಿದು ಬಂದದ್ದು. ಮಂದಿ ಅದಕ್ಕೆ ಗಾಲಿಮನಿ ಎಂದು ಹೆಸರಿಟ್ಟರು. ಒಳಗೆ ತಪಾಸಣೆಯ ಮೇಜು, ಮಡಚಿ ಗೋಡೆಗೆ ಸೇರಿಸುವ ಎರಡು ಮಂಚ, ಔಷಧದ ಕಪಾಟು, ಒಂದು ಸ್ಟೋವ್. ಕಲಾದಗಿಯಲ್ಲಿ ಮೂರು ದಿನ, ಬಾದಾಮಿಯ ಕಡೆ ಮೂರು ದಿನ, ಆಮೇಲೆ ಗುಡೂರು, ಹುನಗುಂದ, ಮರೋಳ. ಊರ ಸಾಲೆಯ ಬಯಲಲ್ಲಿ ಅದನ್ನು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೆಲಸ ಶುರು.

ಗಾಲಿಮನೆಯ ಹಿಂದಿನ ತುದಿಯಲ್ಲಿ ಒಂದು ಸಣ್ಣ ಕೋಣೆಯಿತ್ತು. ಅದು ಪಾಯಖಾನೆ. ಕುರ್ಚಿಯಂಥ ಆಸನ, ಅದರ ಕೆಳಗೆ ಇಪ್ಪತ್ತು ಲೀಟರ್ ಹಿಡಿಯುವ ಡಬ್ಬಿ. ಡಬ್ಬಿಯ ಬಾಯಿಗೆ ಜಾರುವ ಮುಚ್ಚಳ, ಅದರ ಸುತ್ತ ರಬ್ಬರಿನ ಬಳೆ. ಹೊರಗಿನಿಂದ ಒಂದು ಬಾಗಿಲು ತೆಗೆದು ಡಬ್ಬಿಯನ್ನು ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು. ನಾನು ಸೇರಿದಾಗ ಆ ಕೋಣೆಯ ತುಂಬ ಅರಳೆಯ ಪೆಟ್ಟಿಗೆ ಒಟ್ಟಿದ್ದರು. ಡಬ್ಬಿ ತೆಗೆಯುವವರು ಯಾರು ಎಂಬುದು ತೀರ್ಮಾನವಾಗಿರಲಿಲ್ಲ.

ನಾನು ಬಂದ ತಿಂಗಳಲ್ಲೇ ಆ ಮಾತು ಮತ್ತೆ ಎದ್ದಿತು. ಸಂಸ್ಥೆಯ ಕಾರ್ಯದರ್ಶಿ ಕುರ್ಚಿಯಲ್ಲಿ ಕುಳಿತೇ, “ಅದಕ್ಕೇನ್ರಿ, ಗಾಳೆಪ್ಪ ಅದಾನಲ್ಲ, ಅವಾ ಮಾಡ್ತಾನ” ಎಂದರು. ಗಾಳೆಪ್ಪ ನಮ್ಮ ಡ್ರೆಸರ್. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಸೂಜಿ ಕುದಿಸುವುದು ಅವನ ಕೆಲಸ. ಅವನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟ.

“ನಾನಽ ಯಾಕ್ರಿ? ನಾ ಏಳನೆ ಇಯತ್ತೆ ಪಾಸಾಗೇನಿ. ಡ್ರೆಸಿಂಗ್ ಮಾಡಾಕ ಅಂತ ತಗೊಂಡೀರಿ. ನಮ್ಮವ್ವ ಬಾಗಲಕೋಟಿ ಓಣಿಯೊಳಗ ಹೇಲಿನ ಬುಟ್ಟಿ ತಲಿ ಮ್ಯಾಲ ಹೊತ್ತಾಕಿ. ನಾ ಹೊರೂದಿಲ್ಲ ಅಂತ ಆಕಿಗೆ ಮಾತು ಕೊಟ್ಟೇನಿ. ನೌಕರಿ ಬ್ಯಾಡಂದ್ರ ಇವತ್ತಽ ಬಿಡ್ತೇನಿ.”

ಕಾರ್ಯದರ್ಶಿಗಳು ಕೆಮ್ಮಿ ಬೇರೆ ಮಾತು ತೆಗೆದರು. ಕೋಣೆಗೆ ಬೀಗ ಬಿತ್ತು.

ತೊಂದರೆ ಆದದ್ದು ಡಾಕ್ಟರ್ ಅಲೀಮಾ ಅವರಿಗೆ ಮತ್ತು ನನಗೆ. ಅಲೀಮಾ ಬಾಯಿಯವರು ಬಾಗಲಕೋಟೆಯವರೇ, ನನಗಿಂತ ಹತ್ತು ವರ್ಷ ದೊಡ್ಡವರು. ಸಾಲೆಯ ಬಯಲು ಎಂದರೆ ನಾಲ್ಕೂ ದಿಕ್ಕಿಗೆ ಮಂದಿ. ಬೆಳಕು ಹರಿಯುವ ಮೊದಲು ಚೆಂಬು ಹಿಡಿದು ಹೊಲದ ಬದುವಿಗೆ ಹೋಗಿ ಬಂದರೆ, ಮತ್ತೆ ಹೊತ್ತು ಮುಳುಗುವ ತನಕ ಇಲ್ಲ. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಬಸುರಿಯರಿಗೆ ‘ನೀರು ಚಲೋ ಕುಡೀರಿ’ ಎಂದು ಹೇಳುವ ನಾವೇ ಬೆಳಗಿನಿಂದ ಸಂಜೆತನಕ ಒಂದು ಕಪ್ಪು ಚಹಾದ ಮೇಲೆ ಇರುತ್ತಿದ್ದೆವು.

ಎಪ್ಪತ್ತೈದರ ಮೇ ತಿಂಗಳು. ಬಾದಾಮಿಯ ಆಚೆಯ ಒಂದು ಹಳ್ಳಿಯಲ್ಲಿ ನನಗೆ ಚಳಿಜ್ವರ ಬಂತು. ಬೆನ್ನಿನ ಎಡಗಡೆ ಕೈ ಇಟ್ಟರೆ ಜೀವ ಹೋಗುವಂಥ ನೋವು. ಉಚ್ಚೆಗೆ ಹೋದರೆ ಉರಿ, ರಕ್ತ. ರಾಚಯ್ಯನವರು ಗಾಲಿಮನೆಯನ್ನು ಅಲ್ಲೇ ಬಿಚ್ಚಿಟ್ಟು, ನನ್ನನ್ನು ಜೀಪಿನಲ್ಲಿ ಮಲಗಿಸಿಕೊಂಡು, ಅಲೀಮಾ ಬಾಯಿಯವರನ್ನೂ ಕೂರಿಸಿಕೊಂಡು ಬಾಗಲಕೋಟೆಗೆ ಹೊರಟರು. ನಾನು ಕಣ್ಣು ಮುಚ್ಚಿದ್ದೆ, ಆದರೆ ಮಾತು ಕೇಳಿಸುತ್ತಿತ್ತು.

“ಏನಾಗೇತ್ರಿ ಬಾಯಾರ ಈಕಿಗೆ?”

“ಮೂತ್ರಪಿಂಡಕ್ಕ ನಂಜು ಏರೇತಿ. ನೀರು ಕುಡೀಲಾರದ್ದಕ್ಕ, ತಡಕೊಂಡು ಕುಂತದ್ದಕ್ಕ. ನನಗೂ ಹೋದ ವರ್ಷ ಆಗಿತ್ತು. ಯಾರಿಗಿ ಹೇಳೂದು?”

“ನೀರು ಯಾಕ ಕುಡೀಲಿಲ್ರಿ?”

ಅಲೀಮಾ ಬಾಯಿಯವರು, “ನಿಮಗ ಗಂಡಸರಿಗೆ ಒಂದು ಗಿಡ ಸಿಕ್ಕರ ಸಾಕು, ರಾಚಯ್ಯನವರ” ಎಂದರು.

ಇಪ್ಪತ್ತು ದಿನ ಬಿಟ್ಟು ನಾನು ಕೆಲಸಕ್ಕೆ ಮರಳಿದಾಗ ಅರಳೆಯ ಪೆಟ್ಟಿಗೆಗಳು ಗಾಲಿಮನೆಯ ಮಾಳಿಗೆಯ ಮೇಲೆ ತಾಡಪತ್ರಿಯೊಳಗೆ ಕಟ್ಟಿದ್ದವು. ಸಣ್ಣ ಕೋಣೆ ತೊಳೆದು ಒಣಗಿತ್ತು. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ರಾಚಯ್ಯನವರು ಡಾಕ್ಟರಬಾಯಿಯವರಿಂದ ಓದಿಸಿ, ಚಿತ್ರ ನೋಡಿ, ಡಬ್ಬಿಯನ್ನು ಬಿಚ್ಚಿ ಜೋಡಿಸಿ ಕಲಿತಿದ್ದರು.

“ಇನ್ನ ಮ್ಯಾಲ ಹೊಲಕ್ಕ ಹೋಗೂದು ಬ್ಯಾಡ ತಂಗಿ.”

“ತೆಗಿಯವ್ರು ಯಾರ್ರಿ?”

“ಜೀಪಿನ ಹಿಂದ ಏನು ಸಿಗಿಸ್ಯಾರ ಅದೆಲ್ಲಾ ನನ್ನ ಗಾಡಿ. ಅದರ ಗಾಲಿ ನಂದು, ಡಬ್ಬಿನೂ ನಂದು.”

ಮೊದಲ ಎರಡು ತಿಂಗಳು ಅವರೊಬ್ಬರೇ ತೆಗೆದರು. ಡಬ್ಬಿಗೆ ಹಾಕಲು ಗಾಡಿಯ ಜೊತೆ ಬಂದಿದ್ದ ಪರಿಮಳದ ಔಷಧದ ಬಾಟಲಿ ಖಾಲಿಯಾದ ಮೇಲೆ ಫಿನಾಯಿಲ್ ಹಾಕತೊಡಗಿದರು. ಬೂದಿ ಹಾಕಿ ನೋಡಿದರು, ಅದು ಮುಚ್ಚಳದ ರಬ್ಬರಿನಲ್ಲಿ ಸಿಕ್ಕಿಕೊಂಡಿತು. ರಬ್ಬರು ಒಣಗಿ ಬಿರುಕು ಬಿಟ್ಟಾಗ ಔಡಲೆಣ್ಣೆ ಸವರಿದರು. “ಬ್ರೇಕಿನ ರಬ್ಬರಿಗೂ ಇದಽ ಎಣ್ಣಿ, ಕೆಡಸೂದಿಲ್ಲ” ಎಂದು ಅವರ ವಿವರಣೆ. ಲಾರಿಯ ಡೀಸೆಲ್ ಅಳೆಯುವಂತೆ ಒಂದು ಬಿದಿರಿನ ಕಡ್ಡಿಗೆ ಗೀರು ಹಾಕಿ ಡಬ್ಬಿ ಎಷ್ಟು ತುಂಬಿದೆ ಎಂದು ನೋಡುತ್ತಿದ್ದರು.

ಗಾಳೆಪ್ಪ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಕಲಾದಗಿಯಲ್ಲಿ ಒಂದು ಬೆಳಿಗ್ಗೆ ತಾನಾಗಿಯೇ ಸಲಿಕೆ ತಗೊಂಡು ಹೊರಟ.

“ಅಯ್ಯಾರ, ತೆಗ್ಗು ನಾ ತೋಡ್ತೇನಿ. ಡಬ್ಬಿ ಮಾತ್ರ ಮುಟ್ಟಾಂಗಿಲ್ಲ ನೋಡ್ರಿ.”

“ಮುಟ್ಟಬ್ಯಾಡಪ್ಪಾ. ನಾ ಕೇಳಿಲ್ಲ.”

ಡಾಕ್ಟರಬಾಯಿಯವರು ಅದನ್ನು ನೋಡಿ, ಬಳಸುವವರೆಲ್ಲ ಪಾಳಿಯ ಮೇಲೆ ತೆಗೆಯಬೇಕು ಎಂದರು. ರಾಚಯ್ಯನವರು ಗಾಬರಿಯಾದರು. “ಅಯ್ಯಽ ಬಾಯಾರ, ನೀವು ಡಾಕ್ಟರು!”

“ನಾ ಎಷ್ಟು ಹೆರಿಗಿ ಮಾಡಿಸೇನಿ ಗೊತ್ತೇನ್ರಿ? ನನ್ನ ಕೈ ಏನೇನು ಕಂಡಾವ ಅಂತ ನಿಮಗ ಹೇಳಿದ್ರ ಊಟಾ ಸೇರೂದಿಲ್ಲ.”

ಕಪಾಟಿನ ಬಾಗಿಲಿಗೆ ಪಾಳಿಯ ಚೀಟಿ ಅಂಟಿಸಿದರು. ಮೊದಲ ಹೆಸರು ಅಲೀಮಾ, ಎರಡನೆಯದು ನನ್ನದು, ಮೂರನೆಯದು ರಾಚಯ್ಯ. ನನ್ನ ಪಾಳಿಯ ಮೊದಲ ದಿನ ನಾನು ಅತ್ತದ್ದು ನಿಜ. ಸೆರಗಿನಿಂದ ಮೂಗು ಕಟ್ಟಿಕೊಂಡು ಹೋದೆ, ಅರ್ಧ ದಾರಿಗೆ ವಾಂತಿ ಮಾಡಿದೆ. ನಾಲ್ಕನೆಯ ಸಲಕ್ಕೆ ಅದು ಬೆಡ್‌ಪ್ಯಾನ್ ತೊಳೆದಷ್ಟೇ ಆಯಿತು. ಆರು ತಿಂಗಳಾದ ಮೇಲೆ ಚೀಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಗಾಳೆಪ್ಪ ಅಂತ ಬರೆದಿತ್ತು. ಅವನ ಅಕ್ಷರವೇ. “ಎಲ್ಲಾರ ಹೆಸರೂ ಐತಂದ್ರ ನಂದೂ ಇರ್ಲಿ” ಎಂದ. ಮೊದಲು ತನ್ನ ತಾಯಿಯನ್ನು ಕೇಳಿ ಬಂದಿದ್ದನಂತೆ.

ನಿಂತ ಊರಲ್ಲಿ ಈ ಕೆಲಸ ಸುಲಭ. ಒಂದೂರಿನಿಂದ ಇನ್ನೊಂದೂರಿಗೆ ಹೊರಡುವಾಗಲೇ ಕಷ್ಟ. ಮೊದಲ ವರ್ಷ ಅಮೀನಗಡದ ಹತ್ತಿರ ರಸ್ತೆಯ ತೆಗ್ಗಿಗೆ ಗಾಲಿ ಬಿದ್ದು, ಅರ್ಧ ತುಂಬಿದ ಡಬ್ಬಿಯ ಮುಚ್ಚಳ ಜಾರಿತು. ಕೋಣೆಯ ನೆಲವೆಲ್ಲ ಹೊಲಸು, ವಾಸನೆ ಔಷಧದ ಕಪಾಟಿನ ತನಕ. ಆ ದಿನದ ಶಿಬಿರ ಬಿಟ್ಟು ಒಳಗೆಲ್ಲ ತೊಳೆದೆವು. ಅಂದಿನಿಂದ ರಾಚಯ್ಯನವರು ಮುಚ್ಚಳವನ್ನು ಕೈಯಿಂದ ತಡವಿ ನೋಡದೆ ಗಾಡಿ ಹೊರಡಿಸಿದ್ದಿಲ್ಲ. ಡಬ್ಬಿ ಖಾಲಿ ಮಾಡಿ, ತೊಳೆದು, ತಳಕ್ಕೆ ಒಂದು ಚೆಂಬು ನೀರು ಹಾಕಿ, ಮುಚ್ಚಳ ಎಳೆದು, ಅದರ ಹಿಡಿಕೆಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುವರು. ಮೇಲಿನ ನೀರಿನ ತೊಟ್ಟಿಯನ್ನೂ ಬರಿದು ಮಾಡುವರು. ಗಾಡಿ ಓಡುವಾಗ ಯಾರೂ ಆ ಕೋಣೆಗೆ ಹೋಗುವಂತಿಲ್ಲ, ಬೇಕೆಂದರೆ ಜೀಪಿನ ಹಾರ್ನಿಗೆ ಕಟ್ಟಿದ ಹಗ್ಗ ಎಳೆಯಬೇಕು, ಅವರು ನಿಲ್ಲಿಸುವರು.

ತೆಗ್ಗಿಗೂ ಅವರದೊಂದು ಪದ್ಧತಿ ಇತ್ತು. ಬಾವಿಯಿಂದ ನೂರು ಹೆಜ್ಜೆ ದೂರ, ಮೊಣಕಾಲು ಆಳ, ಮೇಲೆ ಮಣ್ಣು, ಮಣ್ಣಿನ ಮೇಲೆ ನಾಯಿ ಹಂದಿ ಕೆದರದಂತೆ ಜಾಲಿಯ ಮುಳ್ಳು. ಹೊಲದ ಒಡೆಯನನ್ನು ಮೊದಲು ಕೇಳುತ್ತಿದ್ದರು. ಕೆಲವರು ಬೈದು ಕಳಿಸಿದರು, ಕೆಲವರು ‘ಬದನಿ ಮಡಿಯೊಳಗ ಹಾಕ್ರಿ’ ಎಂದರು.

ಆ ಪದ್ಧತಿಯನ್ನು ಅವರು ಒಂದೇ ಒಂದು ಸಲ ಮುರಿದರು. ಎಪ್ಪತ್ತೇಳರ ಚಳಿಗಾಲ, ಮರೋಳದ ಹತ್ತಿರದ ಒಂದು ಹಳ್ಳಿ. ಮರುದಿನ ಹುನಗುಂದದಲ್ಲಿ ದೊಡ್ಡ ಶಿಬಿರ, ಹೊರಡುವ ಅವಸರ. ಊರ ಸುತ್ತ ನೆಲ ಹಾಸುಗಲ್ಲು, ಸಲಿಕೆ ಇಳಿಯಲಿಲ್ಲ. ಹಳ್ಳ ಬತ್ತಿತ್ತು. ರಾಚಯ್ಯನವರು ಹಳ್ಳದ ಉಸುಕಿನಲ್ಲಿ ತೆಗ್ಗು ತೋಡಿ ಡಬ್ಬಿ ಬರಿದು ಮಾಡಿ ಮುಚ್ಚಿ ಬಂದರು. ಗಾಡಿ ಜೋಡಿಸುವಷ್ಟರಲ್ಲಿ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಖಾಲಿ ಕೊಡ ಹಿಡಿದು ಬಂದು ಎದುರು ನಿಂತಳು. ಹಿಂದಿನ ದಿನ ತನ್ನ ಸೊಸೆಯನ್ನು ತೋರಿಸಲು ಬಂದಿದ್ದ ಶಿವಲಿಂಗವ್ವ.

“ಏನ್ರಿ ಅಯ್ಯಾರ, ಹಳ್ಳದಾಗ ಏನು ಹುಗದು ಬಂದ್ರಿ?”

ರಾಚಯ್ಯನವರು ಹೇಳಿದರು. ಸುಳ್ಳು ಹೇಳಲಿಲ್ಲ.

“ಅದರ ಕೆಳಗ ಇಪ್ಪತ್ತು ಹೆಜ್ಜಿಗೆ ನಮ್ಮ ವರತಿ ಐತ್ರಿ. ಉಸುಕು ತೋಡಿ ನೀರು ಬಸಕೊಂಡು ಇಡೀ ಓಣಿ ಕುಡೀತೇವಿ. ಉಸುಕಿನೊಳಗ ಹಾಕಿದ್ದು ಉಸುಕಿನೊಳಗಽ ಇಳೀತೈತಿ, ನಿಮಗ ತಿಳೀಲಿಲ್ಲೇನ್ರಿ?”

ಅವಳು ಕೂಗಲಿಲ್ಲ, ಬೈಯಲಿಲ್ಲ. ಅದಕ್ಕೇ ಅವರಿಗೆ ಹೆಚ್ಚು ತಾಗಿತು. ಹೊರಡುವ ಗಾಡಿಯನ್ನು ಅಲ್ಲೇ ಬಿಟ್ಟು ಬುಟ್ಟಿ, ಸಲಿಕೆ ಹಿಡಿದು ಹಳ್ಳಕ್ಕೆ ಇಳಿದರು. ಹಾಕಿದ್ದನ್ನೆಲ್ಲ ಅದರ ಸುತ್ತಲಿನ ಎರಡು ಮೊಳ ಉಸುಕಿನ ಸಮೇತ ತೆಗೆದು, ಇಪ್ಪತ್ತೆಂಟು ಬುಟ್ಟಿ, ದೂರದ ದಿನ್ನೆಯ ಮೇಲಿನ ಹೊಲಕ್ಕೆ ಹೊತ್ತು ಹುಗಿದರು. ಗಾಳೆಪ್ಪ ಕೈ ಹಚ್ಚಲು ಹೋದರೆ “ಇದು ನನ್ನ ತಪ್ಪು, ನಿನ್ನ ಪಾಳಿ ಅಲ್ಲ” ಎಂದು ಹಿಂದೆ ಕಳಿಸಿದರು. ಆಮೇಲೆ ಹಳ್ಳದ ಮೇಲುಗಡೆ, ದೂರದಲ್ಲಿ, ಶಿವಲಿಂಗವ್ವ ತೋರಿಸಿದ ಕಡೆ ಹೊಸ ವರತಿ ತೋಡಿದರು. ಎದೆಯಾಳಕ್ಕೆ ನೀರು ಕಾಣಿಸಿತು. ಹಳೆಯ ವರತಿಗೆ ಡಾಕ್ಟರಬಾಯಿಯವರು ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿಸಿದರು. ಆ ವಾರ ಓಣಿಯ ಎರಡು ಕೂಸುಗಳಿಗೆ ಭೇದಿಯಾಯಿತು. ಅದರಿಂದಲೇ ಆಯಿತೋ ಬೇರೆಯದರಿಂದಲೋ ಯಾರಿಗೂ ಗೊತ್ತಾಗಲಿಲ್ಲ. ನಾವು ಹುನಗುಂದದ ಶಿಬಿರ ಮುಂದೂಡಿ ಅಲ್ಲೇ ಉಳಿದೆವು. ಕೂಸುಗಳು ಗುಣವಾದವು. ಅಷ್ಟೂ ದಿನ ರಾಚಯ್ಯನವರು ಸರಿಯಾಗಿ ಉಣ್ಣಲಿಲ್ಲ.

ಸುದ್ದಿ ಮಾತ್ರ ಅಲ್ಲಿ ನಿಲ್ಲಲಿಲ್ಲ. ಅಯ್ಯನವರು ಹೇಲು ಹೊತ್ತರು ಎಂಬುದು ಸಂತೆಯಿಂದ ಸಂತೆಗೆ ಹೋಗಿ ಗುಡೂರು ಮುಟ್ಟಿತು. ಮುಂದಿನ ತಿಂಗಳು ಗುಡೂರಿನ ಶಿಬಿರದಲ್ಲಿ ಅಡಿವೆಯ್ಯನವರು ಗಾಲಿಮನೆಯ ಹತ್ತಿರವೇ ಬಂದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಆ ದಿನದ ಪಾಳಿ ರಾಚಯ್ಯನವರದೇ, ಡಬ್ಬಿ ಕೈಯಲ್ಲಿತ್ತು.

“ಇದು ಖರೆ ಏನಲೇ ರಾಚಾ?”

“ಖರೆ ಅಣ್ಣಾ.”

“ಮಂದಿ ನಮ್ಮ ಪಾದಾ ತೊಳದ ನೀರು ಕುಡೀತಾರ. ನೀ ಇದನ್ನ ಹಿಡಕೊಂಡು ಊರ ಮುಂದ ಅಡ್ಯಾಡ್ತೀದಿ.”

“ಹಂಗಾರ ನನ್ನ ಪಾದಾ ಇನ್ನ ಯಾರೂ ತೊಳಿಯೂದು ಬ್ಯಾಡ ಬಿಡ್ರಿ. ನಾನಂತೂ ಹತ್ತು ವರ್ಷದಿಂದ ಯಾರ ಮನಿಗೂ ಪೂಜಿಗೆ ಹೋಗಿಲ್ಲ.”

“ಅವ್ವನ ಮುಖಾ ನೋಡಾಕ ಬರಬ್ಯಾಡ ಹಂಗಾರ.”

ಅಡಿವೆಯ್ಯನವರು ಹೋದರು. ರಾಚಯ್ಯನವರು ಡಬ್ಬಿ ತಗೊಂಡು ಹೊಲದ ಕಡೆ ಹೋದರು. ಬಂದು ಕೈ ತೊಳೆದುಕೊಂಡು ಎಂಜಿನ್ನಿನ ಬಾನೆಟ್ ತೆಗೆದು ಸುಮ್ಮನೆ ಬಗ್ಗಿ ನಿಂತರು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಮುಂದೆ ಅಣ್ಣನ ಮಗನಿಗೆ ದೀಕ್ಷೆಯಾಯಿತು, ಇವರಿಗೆ ಕರೆ ಬರಲಿಲ್ಲ. ಗುಡೂರಿಗೆ ಶಿಬಿರ ಬಂದಾಗಲೆಲ್ಲ ಅವರ ತಾಯಿ ಗುರುಲಿಂಗವ್ವ ಯಾರದೋ ಕೈಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದರು. ಅದನ್ನು ಅವರು ಯಾರಿಗೂ ಹಂಚದೆ ತಿನ್ನುತ್ತಿದ್ದರು.

ನಾಲ್ಕು ವರ್ಷ ಹೀಗೇ ಹೋಯಿತು. ಎಂಬತ್ತೊಂದರ ಆಗಸ್ಟಿನಲ್ಲಿ ನಾವು ಗುಡೂರಿನಲ್ಲಿದ್ದಾಗ, ಒಂದು ಬೆಳಿಗ್ಗೆ ಎಂಟರ ಸುಮಾರಿಗೆ, ಅಡಿವೆಯ್ಯನವರು ಓಡುತ್ತ ಬಂದರು. ಮೈಮೇಲೆ ಅಂಗಿ ಇರಲಿಲ್ಲ.

“ಅವ್ವಗ ವಾಂತಿ ಭೇದಿ ಹತ್ತೇತಿ. ಕಣ್ಣು ಒಳಗ ಹೋಗ್ಯಾವು. ಬಾಯಾರ, ಬರ್ರಿ.”

ಗುರುಲಿಂಗವ್ವನವರಿಗೆ ಎಪ್ಪತ್ತು ದಾಟಿತ್ತು. ನಾಡಿ ಎಳೆಯಂತೆ ಸಿಗುತ್ತಿತ್ತು. ಸಲೈನ್ ಹಚ್ಚಿ, ಗಾಲಿಮನೆಯ ಮಂಚದ ಮೇಲೆ ಮಲಗಿಸಿ ಬಾಗಲಕೋಟೆಗೆ ಹೊರಟೆವು. ಗಾಳೆಪ್ಪ ಆ ವಾರ ರಜೆಯಲ್ಲಿದ್ದ. ಒಳಗೆ ಡಾಕ್ಟರಬಾಯಿ, ನಾನು, ಅಡಿವೆಯ್ಯನವರು. ಗಾಡಿ ಓಡುವಾಗ ಸಣ್ಣ ಕೋಣೆಗೆ ಹೋಗಬಾರದೆಂಬ ಕಟ್ಟಳೆ ಆ ದಿನ ನಡೆಯಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬೆಡ್‌ಪ್ಯಾನ್ ತುಂಬುತ್ತಿತ್ತು, ನಾನು ಗೋಡೆ ಹಿಡಿದು ನಡೆದು ಡಬ್ಬಿಗೆ ಸುರಿದು ಮುಚ್ಚಳ ಎಳೆದು ಬರುತ್ತಿದ್ದೆ. ಸಲೈನ್ ಕೀಳದಂತೆ, ಡಬ್ಬಿ ತುಳುಕದಂತೆ ರಾಚಯ್ಯನವರು ಎತ್ತಿನ ಗಾಡಿಗಿಂತ ಸ್ವಲ್ಪ ಜೋರು, ಅಷ್ಟೇ, ಓಡಿಸುತ್ತಿದ್ದರು. ಕಮತಗಿ ಇನ್ನೂ ಮೂರು ಮೈಲಿ ಇರುವಾಗ ಡಬ್ಬಿ ತುಂಬಿತು. ನಾನು ಹಗ್ಗ ಎಳೆದೆ.

ಅವರು ಇಳಿದು ಬಂದು ಡಬ್ಬಿ ಹೊರಗೆ ಎಳೆದರು. ಅಡಿವೆಯ್ಯನವರೂ ಇಳಿದರು.

“ಇಲ್ಲೇ ರಸ್ತಾದ ಬಾಜೂಕ ಚೆಲ್ಲಿ ನಡಿ ತಮ್ಮಾ. ತಡಾ ಮಾಡಿದ್ರ ಅವ್ವ ಕೈ ಬಿಟ್ಟು ಹೋಗ್ತಾಳ.”

“ಚೆಲ್ಲಾಕ ಬರೂದಿಲ್ಲ ಅಣ್ಣಾ. ಮಳಿ ಬಂದ್ರ ಹಳ್ಳಕ್ಕ ಹೋಗ್ತೈತಿ. ಕೆಳಗ ಊರು ಐತಿ. ಇದು ಬರೇ ಹೊಲಸಲ್ಲ, ಇದರೊಳಗ ಬ್ಯಾನಿ ಐತಿ.”

“ಹತ್ತು ನಿಮಿಷದಾಗ ಏನೂ ಆಗೂದಿಲ್ಲ, ಸಲೈನ್ ನಡದೈತಿ” ಎಂದು ಡಾಕ್ಟರಬಾಯಿಯವರು ಕಿಟಕಿಯಿಂದ ಹೇಳಿದರು. “ಆಳ ತೋಡ್ರಿ.”

ರಾಚಯ್ಯನವರು ಸಲಿಕೆ ಹಿಡಿದು ಹೊಲದೊಳಗೆ ನಡೆದರು. ಎರೆನೆಲ, ಮಳೆಗೆ ಹಸಿಯಾಗಿ ಸಲಿಕೆಗೆ ಅಂಟುತ್ತಿತ್ತು. ಅಡಿವೆಯ್ಯನವರು ರಸ್ತೆಯ ಮೇಲೆ ನಿಂತು ನೋಡಿದರು. ಒಮ್ಮೆ ಗಾಲಿಮನೆಯ ಕಡೆ, ಒಮ್ಮೆ ಹೊಲದ ಕಡೆ. ಆಮೇಲೆ ಧೋತರ ಎತ್ತಿಕಟ್ಟಿ ಹೋಗಿ ತಮ್ಮನ ಕೈಯಿಂದ ಸಲಿಕೆ ಕಸಿದುಕೊಂಡರು. “ಸರಿ, ನೀ ಡಬ್ಬಿ ತಾ.” ಅವರು ದುಡಿದ ಮೈಯವರಲ್ಲ, ಆದರೂ ತೊಡೆಯಾಳ ತೋಡಿದರು. ಡಬ್ಬಿ ಬರಿದಾಯಿತು, ನಾನು ಬ್ಲೀಚಿಂಗ್ ಪುಡಿ ಉದುರಿಸಿದೆ, ಮಣ್ಣು ಎಳೆದರು, ಜಾಲಿಯ ಟೊಂಗೆ ಮುರಿದು ಹಾಕಿದರು. ಡಬ್ಬಿಯನ್ನು ಅಣ್ಣ ಮುಟ್ಟಲಿಲ್ಲ. ಆದರೆ ಗಾಡಿಯಿಂದ ನೀರಿನ ಕೊಡ ಮತ್ತು ಸಾಬೂನು ತಂದು, ತಮ್ಮನ ಎರಡೂ ಕೈಗೆ ತಾವೇ ನೀರು ಹೊಯ್ದರು. ಮೊಣಕೈತನಕ ಮೂರು ಸಲ ತೊಳೆಸಿದರು. ರಾಚಯ್ಯನವರು ತಲೆ ಎತ್ತಲಿಲ್ಲ.

ಕಮತಗಿ ದಾಟಿದ ಮೇಲೆ ಗುರುಲಿಂಗವ್ವ ಕಣ್ಣು ತೆರೆದು, “ಯಾರ ಗಾಡಿ ಇದು?” ಎಂದು ಕೇಳಿದರು. “ರಾಚಾಂದು, ಅವ್ವಾ” ಎಂದರು ಅಡಿವೆಯ್ಯನವರು. ತಾಯಿ ಬಾಗಲಕೋಟೆಯ ದವಾಖಾನೆಯಲ್ಲಿ ಒಂಬತ್ತು ದಿನ ಇದ್ದು ಮನೆಗೆ ಮರಳಿದರು. ಆರು ವರ್ಷ ಬದುಕಿದರು. ಅಣ್ಣತಮ್ಮಂದಿರ ಮಾತು ಒಮ್ಮೆಲೇ ಮೊದಲಿನಂತೆ ಆಗಲಿಲ್ಲ. ಮೊದಲು ತಾಯಿಯ ಔಷಧದ ಬಗ್ಗೆ, ಆಮೇಲೆ ಮಳೆ ಬೆಳೆಯ ಬಗ್ಗೆ. ಎರಡು ವರ್ಷದ ಮೇಲೆ ಅಡಿವೆಯ್ಯನವರ ಮಗಳ ಮದುವೆಯಲ್ಲಿ ರಾಚಯ್ಯನವರು ಪಂಕ್ತಿಯಲ್ಲೇ ಕುಳಿತು ಉಂಡರು. ಪಕ್ಕದಲ್ಲಿ ಕುಳಿತ ಇಬ್ಬರು ಎದ್ದು ಹೋದರಂತೆ. ಅಡಿವೆಯ್ಯನವರು ಬಂದು ಆ ಜಾಗದಲ್ಲಿ ತಾವು ಕುಳಿತರಂತೆ.

ಎಂಬತ್ತಾರರಲ್ಲಿ ಸಂಸ್ಥೆ ಹುನಗುಂದದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿತು. ತಿರುಗುವ ದವಾಖಾನೆ ನಿಂತಿತು. ಗಾಲಿಮನೆಯನ್ನು ಜೀಪಿನ ಸಮೇತ ಇಳಕಲ್ಲಿನ ಒಂದು ಕಲ್ಲಿನ ಖಣಿಯವರು ಕೊಂಡರು, ಕೆಲಸಗಾರರಿಗೆ ಇರಲು. ರಾಚಯ್ಯನವರೇ ಅದನ್ನು ಎಳೆದುಕೊಂಡು ಹೋಗಿ ಬಿಟ್ಟರು, ನಾನೂ ಜೊತೆಗಿದ್ದೆ. ಖಣಿಯ ಮೇಸ್ತ್ರಿಗೆ ಸಣ್ಣ ಕೋಣೆ ತೋರಿಸಿ, ಮುಚ್ಚಳ ಎಳೆಯುವುದು, ಪಟ್ಟಿ ಬಿಗಿಯುವುದು, ಎಣ್ಣೆ ಸವರುವುದು ಎಲ್ಲ ಹೇಳಿದರು. ಮೇಸ್ತ್ರಿ ಹೂಂಗುಡುತ್ತ ಬೀಡಿ ಸೇದುತ್ತಿದ್ದ. ಅಲ್ಲಿ ಕಲ್ಲು ಹೊರುವ ಹೆಂಗಸರು ಏಳೆಂಟು ಮಂದಿ ಇದ್ದರು. ರಾಚಯ್ಯನವರು ಮೇಸ್ತ್ರಿಯನ್ನು ಬಿಟ್ಟು ಅವರನ್ನು ಕರೆದರು. ಡಬ್ಬಿಯನ್ನು ಹೊರಗೆ ತೆಗೆದು, ಮತ್ತೆ ಹಾಕಿ, ಮೊದಲಿನಿಂದ ಹೇಳತೊಡಗಿದರು. ಹೆಂಗಸರು ನಾಚಿಕೆಯಿಂದ ನಕ್ಕರು, ಆಮೇಲೆ ಒಬ್ಬಳು ಮುಂದೆ ಬಂದು ಮುಚ್ಚಳ ಎಳೆದು ನೋಡಿದಳು. ಇಬ್ಬರು ಮೂವರಿಗೆ ಕೈಗೆ ಹತ್ತುವ ತನಕ ನಾವು ಅಲ್ಲಿದ್ದೆವು. ಮಧ್ಯಾಹ್ನ ಮೂರರ ಬಸ್ಸಿಗೆ ಹುನಗುಂದಕ್ಕೆ ಮರಳಿದೆವು.